ಬಿಸಿಲೂರಿಂದ ಚಿಕ್ಕಮಗಳೂರಿಗೆ ಮನೆ ಶಿಫ್ಟ್ ಮಾಡೋದು ಹೇಗೆ: ಥಂಡಿ ಜೊತೆ ಬದುಕೋ ಪೂರ್ತಿ ಗೈಡ್

ನಾನು ರಾಯಚೂರಲ್ಲಿ ಹುಟ್ಟಿ ಬೆಳೆದವನು. ಏಪ್ರಿಲ್ ಮೇ ಅಂದ್ರೆ 40-42 ಡಿಗ್ರಿ, ರಾತ್ರಿ ಮಾಳಿಗೆಗೆ ನೀರು ಚಿಮುಕಿಸಿ ಅಲ್ಲೇ ಮಲಗೋದು, ಮಳೆ ಬಂತು ಅಂದ್ರೆ ಓಣಿಗೆ ಓಣಿನೇ ಹೊರಗೆ ಬಂದು ನಿಲ್ಲೋದು. ಏಳು ವರ್ಷದ ಹಿಂದೆ ಚಿಕ್ಕಮಗಳೂರಿಗೆ ಟ್ರಾನ್ಸ್‌ಫರ್ ಆದಾಗ ಆಫೀಸಲ್ಲಿ ಎಲ್ಲರೂ "ಪುಣ್ಯಾ ಮಾಡೀದಿ ಬಿಡಪ, ಜಿಲ್ಲಾಕ್ಕ ಜಿಲ್ಲಾನ ಏಸಿ" ಅಂದ್ರು. ನಾನೂ ನಂಬಿ ನಾಲ್ಕು ಸ್ವೆಟರು ಎರಡು ದಪ್ಪ ರಗ್ಗು ತಗೊಂಡು ರೆಡಿ ಆದೆ. ಆ ಸ್ವೆಟರು ಹಾಕ್ಕೊಂಡಿದ್ದು ಕಡಿಮೆ, ಮೊದಲನೇ ಆಗಸ್ಟಲ್ಲೇ ಬೀರು ಒಳಗೆ ಅವಕ್ಕೆ ಬೂಷ್ಟು ಬಂದು ಬಿಳಿ ಮಚ್ಚೆ ಎದ್ದಿತ್ತು.

ಆಗ ಅರ್ಥ ಆಗಿದ್ದು, ಇಲ್ಲಿ ಚಳಿ ಅಂಥ ದೊಡ್ಡ ವಿಷಯ ಏನಲ್ಲ ಅಂತ. ಡಿಸೆಂಬರ್ ಬೆಳಗಿನ ಚಳಿಗೆ ಒಂದು ಸ್ವೆಟರು, ಒಂದು ಟೋಪಿ, ಒಂದು ಲೋಟ ಕಾಫಿ ಸಾಕು. ಕೆಲಸ ಕೊಡೋದು ಥಂಡಿ, ಅಂದ್ರೆ ತೇವ. ಗಾಳಿಯಲ್ಲಿ ತುಂಬಿರೋ ನೀರು ಗೋಡೆಗೆ, ಬಟ್ಟೆಗೆ, ಉಪ್ಪಿಗೆ, ಹಿಟ್ಟಿಗೆ, ಮಗಳ ಮಾರ್ಕ್ಸ್ ಕಾರ್ಡಿಗೆ ಎಲ್ಲಾದಕ್ಕೂ ಇಳಿಯುತ್ತೆ. ಈ ಒಂದು ವಿಷಯ ತಲೇಲಿ ಇಟ್ಕೊಂಡು ಪ್ಲಾನ್ ಮಾಡಿದ್ರೆ ಅರ್ಧ ಕೆಲಸ ಮುಗೀತು. ನಾನು ದುಡ್ಡು ಕಳ್ಕೊಂಡು ಕಲಿತಿದ್ದನ್ನ ನೀವು ಪುಕ್ಕಟೆ ಕಲೀರಿ.

1. ಮೊದಲು ಯಾವ ಚಿಕ್ಕಮಗಳೂರು ಅಂತ ತಿಳ್ಕೊಳ್ಳಿ

ಜಿಲ್ಲೆ ಹೆಸರು ಒಂದೇ, ಮಳೆ ಬೇರೆ ಬೇರೆ. ಕಡೂರು, ಅಜ್ಜಂಪುರ ಕಡೆ ಬಯಲುಸೀಮೆ, ವರ್ಷಕ್ಕೆ ಹೆಚ್ಚುಕಮ್ಮಿ 600 ಮಿಲಿಮೀಟರ್, ಅಂದ್ರೆ ನಮ್ಮ ರಾಯಚೂರಿನ ಲೆಕ್ಕನೇ. ಶೃಂಗೇರಿಗೆ ಹೋದ್ರೆ 3,500 ದಾಟುತ್ತೆ. ಕೊಪ್ಪ, ಕಳಸ, ಮೂಡಿಗೆರೆ ಘಟ್ಟದ ಅಂಚು ಅದೇ ಗುಂಪಿಗೆ ಸೇರಿದ್ದು. ಚಿಕ್ಕಮಗಳೂರು ಟೌನು ಇವೆರಡರ ನಡುವೆ. ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಅದಕ್ಕೇ ತಂಪು, ಆದರೆ ಪಶ್ಚಿಮದಿಂದ ಬರೋ ಮೋಡ ಘಟ್ಟದ ಮೇಲೆ ಸುರಿದು ಸುರಿದು ಟೌನಿಗೆ ಬರೋ ಹೊತ್ತಿಗೆ ಅರ್ಧ ಖಾಲಿ ಆಗಿರುತ್ತೆ. ಹಾಸನದ ಕಡೆ ಹೋಗೋರಿಗೂ ಇದೇ ಲೆಕ್ಕ, ಅರಸೀಕೆರೆ ಅಂದ್ರೆ ಕಡೂರಿನ ತಮ್ಮ, ಸಕಲೇಶಪುರ ಅಂದ್ರೆ ಮೂಡಿಗೆರೆಯ ಅಣ್ಣ.

ಹಾಗಾಗಿ ಪೋಸ್ಟಿಂಗ್ ಯಾವ ತಾಲ್ಲೂಕು ಅನ್ನೋದು ನೋಡಿ ಮುಂದಿನದೆಲ್ಲ ಅಳತೆ ಮಾಡ್ಕೊಳ್ಳಿ. ಟೌನಲ್ಲಿ ಇರೋರಿಗೆ ನಾನು ಹೇಳೋದರಲ್ಲಿ ಮುಕ್ಕಾಲು ಸಾಕು, ಕೊಪ್ಪ ಶೃಂಗೇರಿ ಕಡೆ ಹೋಗೋರು ಪೂರ್ತಿ ಮಾಡಿ, ಮೇಲೆ ಇನ್ನೊಂದಿಷ್ಟು ಸೇರಿಸಿ.

2. ಮನೆ ನೋಡೋದು, ಇಲ್ಲೇ ಎಲ್ಲ ಇರೋದು

ಸಾಧ್ಯ ಆದ್ರೆ ಜುಲೈನಲ್ಲಿ ಒಂದು ಸಲ ಬಂದು ನೋಡಿ. ಆರಿದ್ರಾ ಮುಗಿದು ಪುನರ್ವಸು, ಪುಷ್ಯ ಹಿಡಿದಿರೋ ಹೊತ್ತು, ಜುಲೈ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದ ತನಕ, ಮನೆಯ ನಿಜವಾದ ಜಾತಕ ಆಗಲೇ ಗೊತ್ತಾಗೋದು. ಫೆಬ್ರವರಿಯಲ್ಲಿ ಬಂದ್ರೆ ಇಲ್ಲಿ ಎಲ್ಲಾ ಮನೆನೂ ಅರಮನೆ. ನಾನು ಮಾಡಿದ ತಪ್ಪು ಅದೇ, ಮೇ ಮೊದಲ ವಾರ ಬಂದೆ, ಗೋಡೆಗೆಲ್ಲ ಹೊಸಾ ಪೇಂಟು, ಹಾಲ್ ಘಮಘಮ, ಅಲ್ಲೇ ಅಡ್ವಾನ್ಸ್ ಕೊಟ್ಬಿಟ್ಟೆ. ಜುಲೈ 10ಕ್ಕೆಲ್ಲ ಬೆಡ್‌ರೂಮ್ ಗೋಡೆ ಮೇಲೆ ಪೇಂಟು ಹಪ್ಪಳದ ಥರ ಉಬ್ಬಿ, ಬೆರಳಲ್ಲಿ ಒತ್ತಿದ್ರೆ ಒಳಗಿಂದ ನೀರು ಜಿನುಗ್ತಿತ್ತು. ಓನರ್‌ಗೆ ಹೇಳಿದ್ರೆ "ಮಳೆಗಾಲ ಅಲ್ವ ಸರ್, ಎಲ್ಲರ ಮನೇಲೂ ಹಿಂಗೇ" ಅಂದ್ರು. ಆಮೇಲೆ ಖಾಲಿ ಮಾಡೋವಾಗ ಆ ಗೋಡೆ ಪೇಂಟಿನ ದುಡ್ಡೂ ನನ್ನ ಅಡ್ವಾನ್ಸಲ್ಲೇ ಮುರ್ಕೊಂಡ್ರು.

ಬೇಸಿಗೆಯಲ್ಲೇ ಮನೆ ನೋಡ್ಬೇಕಾದ ಪರಿಸ್ಥಿತಿ ಬಂದ್ರೆ ಹಿಂಗೆ ಮಾಡಿ. ಇಲ್ಲಿ ಮುಂಗಾರು ನೈಋತ್ಯದಿಂದ ಬರೋದು, ಹಾಗಾಗಿ ಮಳೆ ಗಾಳಿ ಸಮೇತ ಬಡಿಯೋದು ಮನೆಯ ಪಶ್ಚಿಮ ಮತ್ತೆ ದಕ್ಷಿಣದ ಗೋಡೆಗೆ. ಮೊಬೈಲಲ್ಲಿ ದಿಕ್ಸೂಚಿ ತೆಗೆದು ಆ ಎರಡು ಗೋಡೆ ಯಾವುದು ಅಂತ ಗುರುತು ಮಾಡ್ಕೊಳ್ಳಿ. ಅಲ್ಲಿ ಪಕ್ಕದ ಮನೆ ಅಡ್ಡ ಇದ್ಯಾ, ಶೀಟ್ ಇಳಿಸಿದಾರಾ, ಸಜ್ಜಾ ಎಷ್ಟು ಮುಂದೆ ಬಂದಿದೆ ಅಂತ ನೋಡಿ. ಬೋಳು ಗೋಡೆ ಆಗಿದ್ದು, ಒಳಗಡೆ ನಿಮ್ಮ ಮಂಚನೋ ಬೀರೂನೋ ಬರೋ ಜಾಗ ಆಗಿದ್ರೆ ಆ ಮನೆ ಬೇಡ. ಹಳೇ ಕಾಲದ ಮಲೆನಾಡಿನವರು ಮಣ್ಣಿನ ಗೋಡೆಗೆ ಮಳೆ ಬರೋ ದಿಕ್ಕಲ್ಲಿ ಅಡಿಕೆ ಸೋಗೆ ಕಟ್ತಿದ್ರು, ಅಂಗಳಕ್ಕೆ ಜಾರಬಾರದು ಅಂತ ಅಡಿಕೆ ದಬ್ಬೆ ಹಾಸ್ತಿದ್ರು. ಅವರಿಗೆ ಗೊತ್ತಿದ್ದದ್ದು ಈಗ ಕಾಂಕ್ರೀಟ್ ಮನೆ ಕಟ್ಟಿಸೋ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಆಮೇಲೆ ಛಾವಣಿ. ಸಮತಟ್ಟಾದ ಆರ್‌ಸಿಸಿ ಮೇಲೆ ಏನೂ ಇಲ್ಲ ಅಂದ್ರೆ ಡೌಟು ಪಡಿ, ಮೇಲೆ ಕಬ್ಬಿಣದ ಟ್ರಸ್ ಹಾಕಿ ಶೀಟ್ ಹೊದಿಸಿದ್ರೆ ಒಳ್ಳೇದು, ಅದು ಸೋರಿಕೆನೂ ತಡೆಯುತ್ತೆ, ಬಟ್ಟೆ ಒಣಗಿಸೋಕೆ ಜಾಗನೂ ಆಗುತ್ತೆ. ಬಾಡಿಗೆ ಒಂದು ಸಾವಿರ ಜಾಸ್ತಿ ಕೇಳಿದ್ರೂ ಶೀಟ್ ಇರೋ ಮನೆನೇ ಹಿಡೀರಿ ಅಂತೀನಿ ನಾನು. ಮಂಗಳೂರು ಹಂಚಿನ ಮನೆ ಆದ್ರೆ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸೋದು, ಅಂದ್ರೆ ಒಡೆದದ್ದು ತೆಗೆದು ಸರಿಯಾಗಿ ಜೋಡಿಸೋದು ಯಾರು, ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿ. ಸೀಲಿಂಗಲ್ಲಿ ಕಂದು ಬಣ್ಣದ ಉಂಗುರ ಕಂಡ್ರೆ ಅಲ್ಲಿ ನೀರು ನಿಂತು ಒಣಗಿದೆ ಅಂತ ಅರ್ಥ. ಗೋಡೆ ತಟ್ಟಿ ನೋಡಿ, ಡಬ್ ಡಬ್ ಅಂತ ಪೊಳ್ಳು ಸದ್ದು ಬಂದ್ರೆ ಗಾರೆ ಬಿಟ್ಟಿದೆ. ಮುಚ್ಚಿರೋ ಕಬೋರ್ಡ್ ಬಾಗಿಲು ತೆಗೆದು ಮೂಗು ಒಳಗೆ ಹಾಕಿ, ಮುಗ್ಗಲು ವಾಸನೆ ಯಾವ ಪೇಂಟಿಗೂ ಮುಚ್ಚೋಕೆ ಆಗಲ್ಲ. ಇದಿಷ್ಟೂ ಮಾಡೋಕೆ ಹತ್ತು ನಿಮಿಷ ಸಾಕು, ಓನರ್ ಮುಖ ಸಿಂಡರಿಸಿದ್ರೆ ಸಿಂಡರಿಸಲಿ.

ಅಗ್ರಿಮೆಂಟ್ ಆದ ದಿನಾನೇ ಎಲ್ಲಾ ಗೋಡೆ, ಸೀಲಿಂಗ್, ಕಿಟಕಿ ಫೋಟೋ ತೆಗೆದು ಓನರ್‌ಗೇ ವಾಟ್ಸಾಪ್ ಮಾಡಿ, ತಾರೀಖು ತಾನೇ ಉಳಿಯುತ್ತೆ. ಮಳೆ ನೀರಿಂದ ಕೆಟ್ಟ ಗೋಡೆ ಬಾಡಿಗೆದಾರರ ಲೆಕ್ಕಕ್ಕೆ ಬರಲ್ಲ ಅಂತ ಒಂದು ಸಾಲು ಅಗ್ರಿಮೆಂಟಲ್ಲೇ ಬರೆಸಿ.

3. ಏನು ತರಬೇಕು, ಏನು ಅಲ್ಲೇ ಮಾರಬೇಕು

ಏರ್ ಕೂಲರ್ ಮಾರಿಬಿಡಿ. ಅದು ಕೆಲಸ ಮಾಡೋದೇ ಒಣ ಗಾಳಿಗೆ ನೀರು ಸೇರಿಸಿ, ಇಲ್ಲಿ ಗಾಳಿಗೆ ನೀರು ಸಾಕಾಗಿ ಮಿಕ್ಕಿದೆ. ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬು, ಟಿವಿ ಸ್ಟ್ಯಾಂಡು ಸಾಗಿಸೋ ಖರ್ಚು ದಂಡ, ಎರಡೇ ಮಳೆಗಾಲಕ್ಕೆ ಬ್ರೆಡ್ ನೆಂದಂಗೆ ಉಬ್ಬುತ್ತೆ. ಸ್ಟೀಲ್ ಬೀರು, ಸಾಗುವಾನಿ ಮಂಚ ಇದ್ರೆ ತನ್ನಿ. ಹತ್ತಿ ಹಾಸಿಗೆ ಬಗ್ಗೆ ಜಗಳ ಬೇಡ, ನನ್ನ ಹೆಂಡತಿ ತವರಿಂದ ಬಂದ ಹಾಸಿಗೆ ಅಂತ ತಂದ್ವಿ, ಅದರ ಕತೆ ಮುಂದೆ ಹೇಳ್ತೀನಿ.

ಹೊಸದಾಗಿ ತಗೊಳ್ಳೋದು: ಒಳ್ಳೆ ಡ್ರೈಯರ್ ಇರೋ ವಾಷಿಂಗ್ ಮಷೀನು, ಸೆಮಿ ಆಟೋಮ್ಯಾಟಿಕ್ ಆದ್ರೂ ಪರವಾಗಿಲ್ಲ ಸ್ಪಿನ್ ಗಟ್ಟಿ ಇರಬೇಕು. ಇನ್ವರ್ಟರ್. ಕರೆಂಟ್ ಗೀಸರ್, ಯಾಕಂದ್ರೆ ಸೋಲಾರ್ ಇದೆ ಅಂತ ಓನರ್ ಎಷ್ಟೇ ಹೆಮ್ಮೆಯಿಂದ ಹೇಳಿದ್ರೂ ಜುಲೈನಲ್ಲಿ ಅದು ಬರೀ ಟ್ಯಾಂಕು. ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗೆ ಬೇಡವೇ ಬೇಡ. ಚಳಿಗೆ ಅಂತ ಕಿಟಕಿ ಬಾಗಿಲು ಜಡಿದು ಸ್ನಾನ ಮಾಡ್ತೀವಿ, ಕಾರ್ಬನ್ ಮಾನಾಕ್ಸೈಡ್ ತುಂಬಿದ್ರೆ ವಾಸನೆನೂ ಬರಲ್ಲ, ಎಚ್ಚರ ಆಗೋದ್ರೊಳಗೆ ಬಿದ್ದಿರ್ತೀವಿ. ರೂಮ್ ಬೆಚ್ಚಗಾಗಲಿ ಅಂತ ಬಾಗಿಲು ಹಾಕಿ ಇದ್ದಿಲು ಕೆಂಡ ಇಡೋದೂ ಅಷ್ಟೇ ಅಪಾಯ, ಈ ಎರಡು ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳ್ಬೇಡಿ.

ಕೊಡೆ, ರೈನ್‌ಕೋಟ್, ಗಮ್‌ಬೂಟ್ ಊರಲ್ಲಿ ತಗೊಂಡು ಬರಬೇಡಿ, ಇಲ್ಲೇ ಎಂ.ಜಿ. ರೋಡಲ್ಲಿ ತಗೊಳ್ಳಿ. ನಾನು ಊರಿಂದ ತಂದ ಮಡಚೋ ಕೊಡೆ ಹನುಮಂತಪ್ಪ ಸರ್ಕಲ್ ದಾಟೋದ್ರೊಳಗೆ ಉಲ್ಟಾ ಆಗಿ ಕೈಯಲ್ಲಿ ಬರೀ ಕೋಲು ಉಳೀತು. ಉದ್ದ ಕೋಲಿಂದು, ಕಡ್ಡಿ ದಪ್ಪ ಇರೋದು ಬೇಕು. ಚರ್ಮದ ಶೂ ಜೂನಿಂದ ಸೆಪ್ಟೆಂಬರ್ ತನಕ ಅಟ್ಟಕ್ಕೆ, ಅದೂ ಒಳಗೆ ಪೇಪರ್ ತುರುಕಿ.

4. ಯಾವಾಗ ಶಿಫ್ಟ್ ಮಾಡೋದು

ಜನವರಿಯಿಂದ ಮಾರ್ಚ್ ಒಳಗೆ. ಮಾರ್ಚ್ ಏಪ್ರಿಲಲ್ಲಿ ಇಲ್ಲಿ ಹೂಮಳೆ ಬರುತ್ತೆ, ಕಾಫಿ ಹೂವಿಗೆ ಬೇಕಾದ ಮಳೆ, ತೋಟದವರು ಕಾಯ್ತಾ ಇರ್ತಾರೆ, ಆದರೆ ಲಾರಿ ಮೇಲೆ ನಿಮ್ಮ ಟಿವಿ ಇದ್ರೆ ನಿಮಗೆ ಖುಷಿ ಆಗಲ್ಲ. ಕಷ್ಟ ಏನಂದ್ರೆ ಸ್ಕೂಲ್ ಶುರುವಾಗೋದು ಜೂನ್ ಹತ್ರ, ಹಾಗಾಗಿ ಎಲ್ಲರೂ ಮಳೆ ಜೊತೆಗೇ ಬರ್ತೀವಿ. ನಮ್ಮ ಲಾರಿ ಬಂದಿದ್ದು ಜೂನ್ ಎರಡನೇ ವಾರ, ತರೀಕೆರೆ ದಾಟಿದ ಮೇಲೆ ಸುರಿಯೋಕೆ ಶುರು, ಟಾರ್ಪಾಲಲ್ಲಿ ಅಂಗೈ ಅಗಲ ತೂತು, ಆ ತೂತಿನ ಕೆಳಗೆ ಸರಿಯಾಗಿ ಅದೇ ತವರಿನ ಹಾಸಿಗೆ. ಇಳಿಸೋಕೆ ನಾಲ್ಕು ಜನ ಬೇಕಾಯ್ತು ಅಷ್ಟು ನೀರು ಕುಡಿದಿತ್ತು. ಫ್ಯಾನ್ ಕೆಳಗೆ ಹತ್ತು ದಿನ ಇಟ್ವಿ, ಹನ್ನೊಂದನೇ ದಿನ ಒಳಗಿಂದ ವಾಸನೆ ಶುರುವಾಯ್ತು, ಹೆಂಡತಿ ಮಾತಾಡಿಸಲಿಲ್ಲ ಎರಡು ದಿನ. ಸೋ, ಮೇ 20ರ ಒಳಗೆ ಸಾಮಾನು ಬಂದುಬಿಡಲಿ, ಬೇಕಾದ್ರೆ ಒಂದು ತಿಂಗಳ ಬಾಡಿಗೆ ದಂಡ ಆಗಲಿ. ಸಾಮಾನು ಹೇರೋ ಮುಂಚೆ ಟಾರ್ಪಾಲ್ ಬಿಡಿಸಿ ಆಕಾಶಕ್ಕೆ ಹಿಡಿದು ನೋಡಿ, ಹಾಸಿಗೆ, ಪುಸ್ತಕ, ಎಲೆಕ್ಟ್ರಾನಿಕ್ಸ್ ಮಾತ್ರ ಎಕ್ಸ್‌ಟ್ರಾ ಪ್ಲಾಸ್ಟಿಕಲ್ಲಿ ಸುತ್ತಿ.

ಕಾಗದ ಪತ್ರದ ಕೆಲಸ ಸುಲಭ. ರಾಜ್ಯದ ಒಳಗೇ ಆದ್ದರಿಂದ ಗಾಡಿ ಕೆಎ 36 ಇದ್ದದ್ದು ಹಂಗೇ ಓಡುತ್ತೆ, ನಂಬರ್ ಬದಲಾಯಿಸಬೇಕಿಲ್ಲ, ಆರ್‌ಸಿಯಲ್ಲಿ ವಿಳಾಸ ಮಾತ್ರ ಬದಲಾಯಿಸಿ. ಓಟರ್ ಲಿಸ್ಟಿಗೆ ಫಾರ್ಮ್ 8. ಗ್ಯಾಸ್ ಕನೆಕ್ಷನ್ ಟ್ರಾನ್ಸ್‌ಫರ್ ಊರು ಬಿಡೋಕೆ ಮುಂಚೆನೇ ಹಾಕಿ. ಕರೆಂಟ್ ಇಲ್ಲಿ ಮೆಸ್ಕಾಂ, ಹಾಸನ ಆದ್ರೆ ಸೆಸ್ಕ್.

5. ಸಾಮಾನು ಜೋಡಿಸೋದರಲ್ಲೇ ಅರ್ಧ ಬೂಷ್ಟು ತಡೀಬಹುದು

ಬೀರು, ಮಂಚ, ಫ್ರಿಜ್ ಯಾವುದನ್ನೂ ಗೋಡೆಗೆ ತಾಗಿಸಿ ಇಡಬೇಡಿ, ಕೈ ತೂರೋವಷ್ಟು ಸಂದಿ ಬಿಡಿ, ಗಾಳಿ ಆಡಲಿ. ನೆಲದ ಮೇಲೆ ನೇರ ಏನೂ ಬೇಡ, ಅಕ್ಕಿ ಮೂಟೆ ಕೂಡ ಹಲಗೆ ಮೇಲೆ. ಆಧಾರ್, ಮಾರ್ಕ್ಸ್ ಕಾರ್ಡು, ಜಾಗದ ಪತ್ರ ಎಲ್ಲ ಜಿಪ್ ಕವರಲ್ಲಿ ಹಾಕಿ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನಮ್ಮ ಮದುವೆ ಆಲ್ಬಂ ಹಾಳೆಗೆ ಹಾಳೆ ಅಂಟಿ, ಬಿಡಿಸೋಕೆ ಹೋದ್ರೆ ಮಾವನವರ ಮುಖ ಅರ್ಧ ನನ್ನ ಮುಖದ ಮೇಲೆ ಬಂದುಬಿಟ್ಟಿತ್ತು. ಕ್ಯಾಮೆರಾ ಇದ್ರೆ ಲೆನ್ಸಿಗೂ ಇದೇ ಡಬ್ಬದ ಉಪಚಾರ. ರೇಷ್ಮೆ ಸೀರೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಹೊಳ ಬಿದ್ದ ದಿನ ಅಂದ್ರೆ ಮಳೆ ಒಂಚೂರು ಬಿಡುವು ಕೊಟ್ಟು ಬಿಸಿಲು ಇಣುಕಿದ ದಿನ, ತೆಗೆದು ಕೊಡವಿ ನೆರಳಲ್ಲಿ ಗಾಳಿಗೆ ಹಾಕಿ.

ಈ ಹೊಳ ಅನ್ನೋದನ್ನ ನೀವು ಕಲಿಯಲೇಬೇಕು. ಎದುರು ಮನೆ ಅಕ್ಕ ಮೊದಲ ವರ್ಷ ನನ್ನ ಹೆಂಡತಿಗೆ ಕೂಗಿ ಕೂಗಿ ಹೇಳ್ತಿದ್ರು, "ಹೊಳ ಆಗಿದೆ ಕಣೇ, ಕಿಟಕಿ ತೆಗಿ". ಮಳೆ ಹೊಡೀತಿರುವಾಗ ಪಶ್ಚಿಮದ ಕಿಟಕಿ ತೆಗೆದ್ರೆ ಎರಚಲು ಒಳಗೆ, ಪೂರ್ತಿ ಮುಚ್ಚಿದ್ರೆ ಒಳಗಿನ ಉಸಿರು, ಅಡುಗೆ ಹಬೆ, ಒದ್ದೆ ಬಟ್ಟೆ ನೀರು ಎಲ್ಲ ಗೋಡೆಗೇ. ಅದಕ್ಕೆ ಹೊಳ ಆದ ತಕ್ಷಣ ಎದುರುಬದುರು ಕಿಟಕಿ ತೆಗೆದು ಹದಿನೈದು ನಿಮಿಷ ಗಾಳಿ ಆಡಿಸೋದು, ಮತ್ತೆ ಮುಚ್ಚೋದು. ಗೋಡೆ ಮೇಲೆ ಕಪ್ಪು ಚುಕ್ಕಿ ಬಂದ್ರೆ ಒಣ ಬಟ್ಟೆಯಲ್ಲಿ ಝಾಡಿಸಬೇಡಿ, ಹಾರಿ ಮೂಗಿಗೇ ಬರುತ್ತೆ, ಸೋಪು ನೀರಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ ಫ್ಯಾನ್ ಹಾಕಿ.

6. ಬಟ್ಟೆ

ಜೀನ್ಸ್ ಒಣಗೋಕೆ ನಾಲ್ಕು ದಿನ. ಬೇಗ ಒಣಗೋ ತೆಳು ಬಟ್ಟೆಗೆ ಬದಲಾಗಿ, ಒಳಬಟ್ಟೆ, ಸಾಕ್ಸ್ ಎಷ್ಟಿದೆಯೋ ಅದರ ಡಬಲ್ ಇಟ್ಕೊಳ್ಳಿ, ಮಕ್ಕಳ ಯೂನಿಫಾರ್ಮ್ ನಾಲ್ಕು ಜೊತೆ ಹೊಲಿಸಿ. ಒಂದು ಕೋಣೆ ಬಟ್ಟೆಗೇ ಅಂತ ಬಿಟ್ಟು, ಬಾಗಿಲು ಹಾಕಿ, ಕಿಟಕಿ ಸ್ವಲ್ಪ ತೆಗೆದು ಫ್ಯಾನ್ ಓಡಿಸಿ. ಮಲಗೋ ಕೋಣೆಯಲ್ಲಿ ಒಣಗಿಸಬೇಡಿ. ಹಳ್ಳಿ ಕಡೆ ಮನೆ ಸಿಕ್ಕಿದ್ರೆ ಬಚ್ಚಲು ಒಲೆ ಇರುತ್ತೆ, ಹಂಡೆ ಕೆಳಗೆ ಬೆಂಕಿ, ಮೇಲೆ ಗಳ ಕಟ್ಟಿ ಬಟ್ಟೆ ಹರವೋದು, ಅದಕ್ಕಿಂತ ಒಳ್ಳೆ ಡ್ರೈಯರ್ ನಾನು ನೋಡಿಲ್ಲ, ಬಟ್ಟೆಗೆ ಹೊಗೆ ವಾಸನೆ ಬರುತ್ತೆ ಅಷ್ಟೇ, ಆಫೀಸಲ್ಲಿ ಎಲ್ಲರ ಬಟ್ಟೆನೂ ಅದೇ ವಾಸನೆ ಆದ್ದರಿಂದ ಯಾರೂ ಕೇಳಲ್ಲ. ಆದರೆ ಸೌದೆ ಏಪ್ರಿಲಲ್ಲೇ ತರಿಸಿ ಒಳಗೆ ಜೋಡಿಸಿರಬೇಕು.

7. ಅಡುಗೆಮನೆ

ಪುಡಿ ಉಪ್ಪು ನೀರಾಗುತ್ತೆ, ಕಲ್ಲುಪ್ಪು ಭರಣಿಯಲ್ಲಿ ಇಡಿ. ಬೆಂಕಿಪೊಟ್ಟಣ ಗೀರಿದ್ರೆ ಹತ್ತಲ್ಲ, ಲೈಟರ್ ಇರಲಿ. ನಮ್ಮ ಕಡೆಯವರಿಗೆ ಮುಖ್ಯ ವಿಷಯ ಜೋಳ. ಅವ್ವ ಮೊದಲ ವರ್ಷ ಹತ್ತು ಕೆಜಿ ಜೋಳದ ಹಿಟ್ಟು ಬೀಸಿಸಿ ಕಳಿಸಿದ್ಲು, ಮೂರನೇ ವಾರಕ್ಕೆ ಡಬ್ಬ ತೆಗೆದ್ರೆ ಹಿಟ್ಟು ಉಂಡೆ ಕಟ್ಟಿ, ಕೈ ಹಾಕಿದ್ರೆ ಒಳಗೆ ಬೆಚ್ಚಗೆ, ರೊಟ್ಟಿ ಬಡಿದ್ರೆ ಕಹಿ. ಈಗ ಕಾಳನ್ನೇ ತರಿಸ್ತೀವಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ ಗಟ್ಟಿ ಡ್ರಮ್ಮಿಗೆ ಹಾಕಿ, ವಾರಕ್ಕೆ ಬೇಕಾದಷ್ಟು ಮಾತ್ರ ಬೀಸಿಸೋದು. ಬೇಳೆ, ರವೆ, ಖಾರದ ಪುಡಿಗೂ ಹಿಂಗೇ, ಒಂದು ತಿಂಗಳ ಮೇಲೆ ಸ್ಟಾಕ್ ಬೇಡ. ಖಡಕ್ ರೊಟ್ಟಿ ಮಾತ್ರ ಮರೆತುಬಿಡಿ, ಬೆಳಿಗ್ಗೆ ಖಡಕ್, ಸಂಜೆಗೆ ಬಟ್ಟೆ.

ಬದಲಿಗೆ ಇಲ್ಲಿಯವರು ಏನು ತಿಂತಾರೆ ನೋಡಿ ಕಲೀರಿ. ಬೇಸಿಗೆಯಲ್ಲೇ ಹಲಸಿನ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಮಾಡಿಟ್ಕೋತಾರೆ. ಮಳೆ ಹಿಡಿದ ಮೇಲೆ ಕೆಸುವಿನ ಎಲೆ ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ, ಕಡುಬು, ಹುರುಳಿ ಸಾರು, ಅಕ್ಕಿ ರೊಟ್ಟಿ. ಕಳಲೆನ ಹೆಚ್ಚಿ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಾಯಿಸಿ ಎರಡು ಮೂರು ದಿನ ಬಿಟ್ಟು ಬೇಯಿಸಿನೇ ತಿನ್ನಬೇಕು, ಹಸಿಯದರಲ್ಲಿ ವಿಷ ಇರುತ್ತೆ. ಅಣಬೆ ಗೊತ್ತಿರೋರು ಕೊಟ್ರೆ ಮಾತ್ರ.

8. ಕರೆಂಟು, ರಸ್ತೆ, ಗಾಡಿ

ಗಾಳಿಗೆ ಮರ ಬಿದ್ರೆ ಲೈನು ಹೋಗುತ್ತೆ, ಟೌನಲ್ಲಿ ಗಂಟೆ ಲೆಕ್ಕ, ತೋಟದ ಕಡೆ ದಿನದ ಲೆಕ್ಕ. ಇನ್ವರ್ಟರ್, ಪವರ್ ಬ್ಯಾಂಕ್, ಒಂದು ಒಳ್ಳೆ ಟಾರ್ಚ್. ಕಂಪ್ಲೇಂಟಿಗೆ 1912, ಬಿದ್ದ ವೈರ್ ಹತ್ರ ಹೋಗಬೇಡಿ. ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮ್ 1077, ಎಮರ್ಜೆನ್ಸಿ 112, ಫೋನಲ್ಲಿ ಸೇವ್ ಇರಲಿ.

ಗಾಡಿಗೆ ಮೇ ತಿಂಗಳಲ್ಲಿ ಟೈರ್, ಬ್ರೇಕ್, ವೈಪರ್ ನೋಡಿಸಿ. ಬೈಕ್ ಚೈನಿಗೆ ವಾರಕ್ಕೊಂದು ಸಲ ಎಣ್ಣೆ. ಮಂಜಲ್ಲಿ ಹೈ ಬೀಮ್ ಹಾಕಿದ್ರೆ ಬೆಳ್ಳಗೆ ಗೋಡೆ ಥರ ಆಗಿ ಏನೂ ಕಾಣಲ್ಲ, ಲೋ ಬೀಮ್ ಹಾಕಿ, ನಿಧಾನ ಹೋಗಿ. ಇಳಿಜಾರಲ್ಲಿ ಹತ್ತೋವಾಗ ಯಾವ ಗೇರೋ ಇಳಿಯೋವಾಗ್ಲೂ ಅದೇ ಗೇರು, ಬರೀ ಬ್ರೇಕ್ ಒತ್ಕೊಂಡು ಬಂದ್ರೆ ಬ್ರೇಕ್ ಬಿಸಿಯಾಗಿ ಕೈ ಕೊಡುತ್ತೆ. ಮಂಗಳೂರಿಗೆ ಹೋಗೋರು ಹೊರಡೋಕೆ ಮುಂಚೆ ಚಾರ್ಮಾಡಿ ಘಾಟಿ ಓಪನ್ ಇದ್ಯಾ ಅಂತ ವಿಚಾರಿಸಿ, 2019ರ ಆಗಸ್ಟಲ್ಲಿ ಗುಡ್ಡ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿತ್ತು. ಬಂದ್ ಇದ್ರೂ ಕೊಟ್ಟಿಗೆಹಾರದ ತನಕ ಹೋಗಿ ನೀರುದೋಸೆ ತಿಂದು ವಾಪಸ್ ಬರಬಹುದು, ನಾನು ಎರಡು ಸಲ ಅದೇ ಮಾಡಿದೀನಿ. ಮುಳ್ಳಯ್ಯನಗಿರಿ ನೋಡೋದಿದ್ರೆ ವಾರದ ನಡುವೆ ಹೋಗಿ, ಶನಿವಾರ ಭಾನುವಾರ ಕೈಮರದಿಂದಲೇ ಟೂರಿಸ್ಟ್ ಗಾಡಿ ಸಾಲು.

9. ಮೈ ಕೈ

ಮೊದಲ ವರ್ಷ ಎಲ್ಲರಿಗೂ ಶೀತ ಕೆಮ್ಮು ಬರುತ್ತೆ. ಮಕ್ಕಳಿಗೆ ರಾತ್ರಿ ಹೊತ್ತು ಉಬ್ಬಸ ಬಂದು ಹಗಲು ಸರಿಹೋದ್ರೆ ಮೊದಲು ಮಂಚದ ಹಿಂದಿನ ಗೋಡೆ ನೋಡಿ, ಬೂಷ್ಟು ಇರುತ್ತೆ, ಡಾಕ್ಟ್ರಿಗೂ ಅದನ್ನ ಹೇಳಿ. ಕಾಯಿಸಿದ ನೀರು ಕುಡೀರಿ. ಕಾಲಲ್ಲಿ ಗಾಯ ಇದ್ದಾಗ ನಿಂತ ನೀರಲ್ಲಿ ನಡೀಬೇಡಿ, ಇಲಿ ಜ್ವರ ಬರೋದು ಹಂಗೇ.

ತೋಟಕ್ಕೆ ಹೋದ್ರೆ ಇಂಬಳ, ಅಂದ್ರೆ ಜಿಗಣೆ ಹತ್ತುತ್ತೆ. ಕಿತ್ತು ಎಳೀಬೇಡಿ, ಉಪ್ಪು ಹಾಕಿದ್ರೆ ತಾನೇ ಬಿಡುತ್ತೆ. ರಕ್ತ ಸ್ವಲ್ಪ ಹೊತ್ತು ಹರಿಯುತ್ತೆ, ಗಾಬರಿ ಬೇಡ. ಗಂಭೀರವಾಗಿ ತಗೋಬೇಕಾದ್ದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ಉಣ್ಣೆ ಕಚ್ಚಿ ಬರುತ್ತೆ, ಮಳೆಗಾಲದಲ್ಲಲ್ಲ, ಡಿಸೆಂಬರಿಂದ ಮೇ ತನಕ. ಕೊಪ್ಪ, ಎನ್.ಆರ್. ಪುರ ಕಡೆ ಇರೋರು ಆ ತಿಂಗಳುಗಳಲ್ಲಿ ಕಾಡಿಗೆ ಹೋಗೋವಾಗ ಉಣ್ಣೆ ಹತ್ತದ ಹಾಗೆ ಆಸ್ಪತ್ರೆಯವರು ಕೊಡೋ ಡೇಪಾ ಎಣ್ಣೆ ಹಚ್ಕೊಳ್ಳಿ, ಮಂಗ ಸತ್ತಿದ್ದು ಕಂಡ್ರೆ ಆರೋಗ್ಯ ಇಲಾಖೆಗೆ ಹೇಳಿ, ಜ್ವರ ಬಂದ್ರೆ ಕಾಡಿಗೆ ಹೋಗಿದ್ದು ಮುಚ್ಚಿಡಬೇಡಿ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ. ಹದಿನೈದು ದಿನ ಸೂರ್ಯ ಕಾಣದೇ ಇದ್ದಾಗ ಬಿಸಿಲೂರಿನವರಿಗೆ ಏನೋ ಮಂಕು ಹಿಡಿಯುತ್ತೆ. ನನ್ನ ಹೆಂಡತಿ ಮೊದಲ ಜುಲೈನಲ್ಲಿ ಅವ್ವನ ಜೊತೆ ಫೋನಲ್ಲಿ ಅತ್ತಿದ್ಲು, ಅವ್ವ ಆ ಕಡೆಯಿಂದ "ಇಲ್ಲಿ ಒಂದ್ ಹನಿ ಬಿದ್ದಿಲ್ಲವ್ವಾ, ಸ್ವಲ್ಪ ಈ ಕಡೆ ಕಳಿಸು" ಅಂತ ನಗ್ತಿದ್ಲು. ಮನೇಲೇ ಕೂತ್ರೆ ಜಾಸ್ತಿ ಆಗುತ್ತೆ. ಮಳೆ ನಿಲ್ಲಲಿ ಅಂತ ಕಾಯಬೇಡಿ, ಇಲ್ಲಿ ಯಾರೂ ಕಾಯಲ್ಲ, ಕೊಡೆ ಹಿಡಿದು ಹೊರಗೆ ಹೋಗಿ, ಅಕ್ಕಪಕ್ಕದವರ ಮನೇಲಿ ಕಾಫಿಗೆ ಕೂತ್ಕೊಳ್ಳಿ.

10. ಮಳೆ ಬಿಟ್ಟ ಮೇಲೆ

ಅಕ್ಟೋಬರ್ ನವೆಂಬರಲ್ಲಿ ಒಳ್ಳೆ ಬಿಸಿಲು ಬಂದ ಮೊದಲ ವಾರ ರಜೆ ಹಾಕಿಯಾದ್ರೂ ಸರಿ, ಬೀರು ಖಾಲಿ ಮಾಡಿ, ಹಾಸಿಗೆ ದಿಂಬು ಪುಸ್ತಕ ಎಲ್ಲ ಮಹಡಿ ಮೇಲೆ ಹರವಿ. ಮೆಟ್ಟಿಲ ಪಾಚಿನ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ. ಸಜ್ಜಾ ಮೇಲಿನ ಎಲೆ ಕಸ, ಮಳೆನೀರು ಪೈಪು ಆಗಲೇ ತೆಗೆಸಿ. ಪೇಂಟ್ ಮಾಡಿಸೋದಿದ್ರೆ ಜನವರಿ ಕಳೀಲಿ, ಗೋಡೆ ನೋಡೋಕೆ ಒಣಗಿರುತ್ತೆ, ಒಳಗೆ ಒದ್ದೆ ಇರುತ್ತೆ. ಅಂಗೈಯಷ್ಟು ದೊಡ್ಡ ಪ್ಲಾಸ್ಟಿಕ್ ಹಾಳೆನ ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ, ತೆಗೆದು ನೋಡಿದಾಗ ಒಳಗಡೆ ಹನಿ ಕೂತಿದ್ರೆ ಪೇಂಟರ್‌ಗೆ ಇನ್ನೊಂದು ತಿಂಗಳು ಬಿಟ್ಟು ಬಾ ಅನ್ನಿ.